ಹಿಮೋಗ್ಲೋಬಿನ್ 12.4 ಇದೆ, ಫೆರಿಟಿನ್ ಮಾತ್ರ 9. ಕಬ್ಬಿಣಾಂಶ ಕಡಿಮೆ ಅಂತ ಅರ್ಥವೇ?

ಹೌದು, ಕಡಿಮೆಯೇ. ಫೆರಿಟಿನ್ ತೋರಿಸುವುದು ಉಗ್ರಾಣದಲ್ಲಿ ಉಳಿದಿರುವ ಕಬ್ಬಿಣವನ್ನು. ಮೊದಲು ಬರಿದಾಗುವುದು ಉಗ್ರಾಣ, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆರೋಗ್ಯವಂತ ವಯಸ್ಕರಿಗೆ 15ಕ್ಕಿಂತ ಕೆಳಗೆ ಕೊರತೆ; ಎಷ್ಟೋ ವೈದ್ಯರು 30ರ ಕೆಳಗೇ ಎಚ್ಚೆತ್ತುಕೊಳ್ಳುತ್ತಾರೆ.

ಎಡವಟ್ಟಾಗುವುದು ಫೆರಿಟಿನ್ 'ನಾರ್ಮಲ್' ಬಂದಾಗ. ಜ್ವರ, ಸೋಂಕು, ಲಿವರ್ ತೊಂದರೆ ಇದ್ದರೆ ಅದು ತಾನಾಗಿ ಏರುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಡೆಂಗ್ಯೂ ಬಂದ ವಾರವೇ ಮಾಡಿಸಿದ ರಿಪೋರ್ಟನ್ನು ನಂಬಬೇಡಿ. ಆಗ ಸಿಆರ್‌ಪಿ (ಉರಿಯೂತ ತೋರಿಸುವ ಪರೀಕ್ಷೆ) ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ತುಂಬಿದೆ ಎಂಬುದನ್ನು ನೋಡಬೇಕು: ಸೀರಮ್ ಐರನ್ (ರಕ್ತದಲ್ಲಿ ಹರಿಯುವ ಕಬ್ಬಿಣ) 45, ಟಿಐಬಿಸಿ (ರಕ್ತ ಹೊರಬಲ್ಲ ಒಟ್ಟು ಕಬ್ಬಿಣ) 450 ಇದ್ದರೆ ಅದು ಶೇ. 10. ಶೇ. 20ಕ್ಕಿಂತ ಕಡಿಮೆಯಿದ್ದರೆ ಕೊರತೆಯ ಅನುಮಾನ.

ಸೀರಮ್ ಐರನ್ ಒಂದನ್ನೇ ನೆಚ್ಚಿಕೊಳ್ಳಬೇಡಿ, ಬೆಳಿಗ್ಗೆಗೂ ಸಂಜೆಗೂ ಬದಲಾಗುತ್ತದೆ. ಕಬ್ಬಿಣದ ಮಾತ್ರೆ ನುಂಗಿ ಹೋದರಂತೂ ಸುಳ್ಳೇ ಹೇಳುತ್ತದೆ. ಹಿಂದಿನ ದಿನ ಮಾತ್ರೆ ಬಿಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ.

ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) ಕಡಿಮೆ, ಫೆರಿಟಿನ್ ಸರಿ ಇದ್ದರೆ ತಲಸ್ಸೇಮಿಯಾ (ಆನುವಂಶಿಕ ಹಿಮೋಗ್ಲೋಬಿನ್ ದೋಷ) ವಾಹಕರಿರಬಹುದು. ಹಿಮೋಗ್ಲೋಬಿನ್ ಬಗೆಗಳನ್ನು ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಕೇಳಿ.

ಮಾತ್ರೆ ಶುರುವಾದರೆ ಫಿಲ್ಟರ್ ಕಾಫಿಗೂ ಅದಕ್ಕೂ ಒಂದೆರಡು ಗಂಟೆ ಅಂತರ ಇರಲಿ. ಕಾರಣವನ್ನೂ ಹುಡುಕಿಸಿ: ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವವೇ? ಗಂಡಸರಲ್ಲಿ, ಮುಟ್ಟು ನಿಂತವರಲ್ಲಿ ಹೊಟ್ಟೆ, ಕರುಳಿನ ತಪಾಸಣೆ ಬಿಡುವ ಹಾಗಿಲ್ಲ.