ಹರೆಯದಲ್ಲಿ ಹುಚ್ಚು ಹಿಡಿಸಿದ್ದ ಡ್ಯಾನ್ಸ್ ಆಲ್ಬಂ ಈಗ ಕೇಳಿದರೂ ಹಾಗೇ ಅನಿಸುತ್ತದಾ?

ಈಗ ಕೇಳಿದರೆ ಸಪ್ಪೆ ಅನಿಸಿ ಹಳೇ ನೆನಪೂ ಕೆಟ್ಟೀತು ಅಂತ ನಿಮಗೆ ಅಳುಕು, ಅಲ್ವಾ? ನನಗೂ ಇತ್ತು. ನನ್ನದು ಡಾಫ್ಟ್ ಪಂಕ್ ಅನ್ನೋ ಫ್ರೆಂಚ್ ಜೋಡಿಯ ‘ಹೋಮ್‌ವರ್ಕ್’, 1997ರದ್ದು. ಹೋದ ತಿಂಗಳು ಒಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದೆ.

ಪೂರ್ತಿ ಅಂದೆ, ಯಾಕೆಂದರೆ ಆಗ ನಾನು ಪೂರ್ತಿ ಕೇಳಿರಲೇ ಇಲ್ಲ. ಆಲ್ಬಂ ಸುಮಾರು 74 ನಿಮಿಷದ್ದು. ಗೆಳೆಯ ತುಂಬಿಸಿಕೊಟ್ಟದ್ದು 60 ನಿಮಿಷದ ಕ್ಯಾಸೆಟ್‌ನಲ್ಲಿ. ‘ಬರ್ನಿನ್’ ನಡುವೆ ಟಪ್ ಅಂತ ನಿಂತುಬಿಡುತ್ತಿತ್ತು. ಆಲ್ಬಂ ಮುಗಿಯುವುದೇ ಹಾಗೆ, ಅದೇನೋ ಸ್ಟೈಲು ಅಂದುಕೊಂಡಿದ್ದೆ! ಅದರ ಮುಂದೆ ಇನ್ನೂ ಮೂರು ಟ್ರ್ಯಾಕ್ ಇವೆ. ಕೊನೆಯದು, ‘ಫಂಕ್ ಆಡ್’, ‘ಡ ಫಂಕ್’ನ ತುಣುಕನ್ನೇ ತಿರುಗಿಸಿ ಹಿಂದುಮುಂದಾಗಿ ನುಡಿಸಿದ್ದು.

ದೊಡ್ಡ ಬದಲಾವಣೆ ಕಂಡದ್ದು ‘ಅರೌಂಡ್ ದ ವರ್ಲ್ಡ್’ನಲ್ಲಿ. ಏಳು ನಿಮಿಷದಲ್ಲಿ ಅದೇ ಮೂರು ಪದ 144 ಸಲ ಬರುತ್ತವೆ. ಆಗ ಮುಂದಿನ ಸಾಲು ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದೆ. ಈಗ ಕಿವಿ ಮಾತು ಬಿಟ್ಟು ಅದರ ಕೆಳಗೆ ಹೋಗುತ್ತದೆ. ಬೇಸ್ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ, ಇಳಿಯುತ್ತದೆ. ಒಂದು ವಾದ್ಯ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತದೆ, ಇನ್ನೊಂದು ಬಂದು ಕೂರುತ್ತದೆ. ಮಿಷೆಲ್ ಗಾಂಡ್ರಿ ಮಾಡಿದ ವಿಡಿಯೊ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ರೋಬಾಟ್‌ಗಳೇ ಹಾಡುವ ದನಿ, ಅಸ್ಥಿಪಂಜರಗಳೇ ಗಿಟಾರ್, ಈಜಿಪ್ಟಿನ ಮಮ್ಮಿಗಳೇ ಡ್ರಮ್ ಮಷಿನ್. ಮೆಟ್ಟಿಲು ಹತ್ತಿಳಿಯುವ ಆಟಗಾರರೇ ಬೇಸ್. ಆಗ ನನಗೆ ಬರೀ ವೇಷ ಕಂಡಿತ್ತು.

‘ಬಿ’ ಸೈಡಿನ ಶುರುವಿನಲ್ಲಿ ‘ರೋಲಿನ್ ಅಂಡ್ ಸ್ಕ್ರ್ಯಾಚಿನ್’ ಇರುತ್ತಿತ್ತು. ಕಬ್ಬಿಣ ಉಜ್ಜಿದಂಥ ಕಿರುಚಾಟ. ಕ್ಯಾಸೆಟ್ ಓಡಿಸಿ ದಾಟಿಸಿಬಿಡುತ್ತಿದ್ದೆ. ಈಗ ಜಾಸ್ತಿ ಕೇಳುವುದು ಅದನ್ನೇ! ‘ಟೀಚರ್ಸ್’ನದೂ ಇದೇ ಕತೆ. ಆಗ ಅದು ಯಾರ್ಯಾರದೋ ಹೆಸರಿನ ಹಾಜರಿ ಪಟ್ಟಿ. ಈಗ ಒಂದೊಂದೇ ಹೆಸರು ಹುಡುಕಿ ಕೇಳುತ್ತಿದ್ದೇನೆ: ಪಾಲ್ ಜಾನ್ಸನ್, ಲಿಲ್ ಲೂಯಿಸ್, ಡಿಜೆ ಡಿಯಾನ್, ಮೂವರೂ ಶಿಕಾಗೊದ ಡಿಜೆಗಳು. ಪ್ಯಾರಿಸ್ಸಿನ ಬೆಡ್‌ರೂಮಿನಲ್ಲಿ ಕೂತು ಇದನ್ನು ಮಾಡಿದ ಇಬ್ಬರು ಹುಡುಗರು ಪಾಠ ಕಲಿತದ್ದು ಶಿಕಾಗೊದಿಂದ ಅಂತ ಅಲ್ಲೇ ಒಪ್ಪಿಕೊಂಡಿದ್ದಾರೆ. ಮನೆಯಲ್ಲೇ ಮಾಡಿದ ಕೆಲಸ, ಅದಕ್ಕೇ ಆ ಹೆಸರು.

ಎಲ್ಲವೂ ಗೆದ್ದಿತು ಅಂತಲ್ಲ. ‘ರಾಕ್ ಎನ್ ರೋಲ್’ ಸುಮ್ನೆ ಎಳೆದ ಹಾಗಿದೆ, ಆಗಲೂ ಈಗಲೂ. ‘ಡ ಫಂಕ್’ ಬಗ್ಗೆ ಮಾತ್ರ ನನ್ನನ್ನು ಕೇಳಬೇಡಿ. ಆ ಟ್ಯೂನ್ ಶುರುವಾದರೆ ನನಗೆ ಹದಿನೇಳು ವರ್ಷ, ತೀರ್ಪು ಕೊಡೋಕಾಗಲ್ಲ.

ನೀವು ಕೇಳುವುದಾದರೆ ಆಗ ದಾಟಿಸುತ್ತಿದ್ದ ಟ್ರ್ಯಾಕ್‌ನಿಂದ ಶುರು ಮಾಡಿ. ಮೊಬೈಲ್ ಸ್ಪೀಕರಲ್ಲಿ ಮಾತ್ರ ಬೇಡ, ಬೇಸ್ ಕೇಳಿಸುವುದೇ ಇಲ್ಲ. ನಾನಂತೂ ಈಗಲೂ ‘ಬರ್ನಿನ್’ ನಡುವೆ ಆ ಟಪ್‌ಗೆ ಕಾಯುತ್ತೇನೆ.