ಗಾಡಿ ಪ್ರಶ್ನೆ: ಲೈಟ್ ಮತ್ತೆ ಬಂತು, ಸ್ಕ್ಯಾನರ್ ಸುಳ್ಳು ಹೇಳ್ತಾ?

ಪ್ರ: ಸಾರ್, ನಮ್ದು 2015ರ ಪೆಟ್ರೋಲ್ ಕಾರು. ಚೆಕ್ ಎಂಜಿನ್ ಲೈಟ್ ಬಂತು ಅಂತ ಗ್ಯಾರೇಜಿಗೆ ಹೋದೆ, ಸ್ಕ್ಯಾನರ್ ಹಾಕಿ ಪಿ0171 ಬರ್ತಿದೆ, ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದ್ರು, ಹೊಸದು ಹಾಕಿಸ್ದೆ. ಹತ್ತೇ ದಿನಕ್ಕೆ ಲೈಟ್ ಮತ್ತೆ ಬಂತು, ಕೋಡೂ ಅದೇ. ನಿಂತಲ್ಲಿ ಎಂಜಿನ್ ಸ್ವಲ್ಪ ನಡುಗುತ್ತೆ, ರೋಡಿಗೆ ಬಿದ್ಮೇಲೆ ಸರಿ ಹೋಗುತ್ತೆ. ಏನ್ಮಾಡ್ಲಿ? (ದಾವಣಗೆರೆಯ ಓದುಗರು)

ಉ: ಸ್ಕ್ಯಾನರ್ ಸುಳ್ಳು ಹೇಳಿಲ್ಲ ಸಾರ್, ನಿಮ್ಮ ಮೆಕ್ಯಾನಿಕ್ಕು ಅರ್ಧ ಕೇಳಿಸ್ಕೊಂಡು ಎದ್ದು ಹೋಗಿದ್ದಾರೆ. ಪಿ0171 ಅಂದ್ರೆ ಮಿಕ್ಸ್ಚರ್ ಲೀನ್, ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಅಂತ. ಈ ವಿಷಯ ಇಸಿಯುಗೆ (ಎಂಜಿನ್ ನಡೆಸೋ ಕಂಪ್ಯೂಟರಿಗೆ) ತಿಳಿಸಿದ್ದೇ ಹೊಗೆಯಲ್ಲಿರೋ ಆಮ್ಲಜನಕ ನೋಡೋ ಆ ಆಕ್ಸಿಜನ್ ಸೆನ್ಸರು! ಮನೇಲಿ ಕಳ್ಳ ಬಂದಿದ್ದಾನೆ ಅಂತ ಬೊಗಳಿದ ನಾಯಿನೇ ಓಡಿಸಿದ ಹಾಗಾಯ್ತು. ಸೆನ್ಸರ್ ಕೆಡೋದೇ ಇಲ್ಲ ಅಂತಲ್ಲ, ಆದ್ರೆ ಚೆಕ್ ಮಾಡದೆ ಬದಲಾಯಿಸೋದು ಲಾಟರಿ ಆಡಿದ ಹಾಗೆ.

ಕೋಡ್ ಓದಿದ್ಮೇಲೆನೇ ನಿಜವಾದ ಕೆಲಸ ಶುರು. ಅದೇ ಸ್ಕ್ಯಾನರಲ್ಲಿ ಲೈವ್ ಡೇಟಾ ಅಂತ ಇರುತ್ತೆ, ಅದ್ರಲ್ಲಿ ಫ್ಯೂಯಲ್ ಟ್ರಿಮ್ ತೆಗೀರಿ, ಶಾರ್ಟ್ ಟರ್ಮ್ ಒಂದು ಲಾಂಗ್ ಟರ್ಮ್ ಒಂದು. ಇಸಿಯು ತನ್ನ ಲೆಕ್ಕಕ್ಕಿಂತ ಎಷ್ಟು ಪರ್ಸೆಂಟ್ ಪೆಟ್ರೋಲ್ ಜಾಸ್ತಿ ಸುರೀತಿದೆ ಅಥವಾ ಕಡಿಮೆ ಮಾಡ್ತಿದೆ ಅಂತ ಅದು ತೋರಿಸುತ್ತೆ, ಎರಡೂ ಕೂಡಿಸಿ ಪ್ಲಸ್ (ಜಾಸ್ತಿ) ಇರಲಿ ಮೈನಸ್ (ಕಡಿಮೆ) ಇರಲಿ 10ರೊಳಗೆ ಇದ್ರೆ ತಲೆ ಕೆಡಿಸ್ಕೋಬೇಡಿ. (ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಿದ್ರೆ ಸ್ವಲ್ಪ ಪ್ಲಸ್ ಕಡೆ ವಾಲೋದು ಸಹಜ, ಎಥನಾಲಿಗೆ ಜಾಸ್ತಿ ಸುರೀಬೇಕಲ್ಲ.) ಎಂಜಿನ್ ಬಿಸಿ ಆದ್ಮೇಲೆ ಐಡ್ಲಿಂಗಲ್ಲಿ (ಗಾಡಿ ನಿಂತು ಎಂಜಿನ್ ಓಡ್ತಿರುವಾಗ) ಒಂದ್ಸಲ ನೋಡಿ, ಆಮೇಲೆ 2500 ಆರ್‌ಪಿಎಂಗೆ ಏರಿಸಿ ಹಿಡಿದು ನೋಡಿ. ಐಡ್ಲಲ್ಲಿ ಪ್ಲಸ್ 20 ಇದ್ದಿದ್ದು ಏರಿಸಿದಾಗ 5ಕ್ಕೆ ಇಳಿದ್ರೆ ಎಲ್ಲೋ ವ್ಯಾಕ್ಯೂಮ್ ಲೀಕು, ಕಳ್ಳಗಾಳಿ ಒಳಗೆ ಹೋಗ್ತಿದೆ. ಉಲ್ಟಾ, ಲೋಡ್ ಬಿದ್ದಷ್ಟೂ ಪ್ಲಸ್ ಏರ್ತಾ ಹೋದ್ರೆ ಫ್ಯೂಯಲ್ ಪಂಪು, ಫಿಲ್ಟರ್ರು, ಇಲ್ಲಾ ಧೂಳು ಕೂತಿರೋ ಎಂಎಎಫ್ ಸೆನ್ಸರ್ (ಎಂಜಿನ್ನಿಗೆ ಹೋಗೋ ಗಾಳಿ ಅಳೆಯೋದು) ಕಡೆ ನೋಡಿ.

ನೀವು ಹೇಳೋ ನಡುಕ ಕೇಳಿದ್ರೆ ನನಗೆ ಲೀಕ್ ಮೇಲೇ ಅನುಮಾನ. ಪಿಸಿವಿ ಹೋಸು (ಎಂಜಿನ್ ಒಳಗಿನ ಆವಿನ ಇನ್‌ಟೇಕಿಗೆ ತರೋ ಪೈಪು), ಬ್ರೇಕ್ ಬೂಸ್ಟರಿಗೆ ಹೋಗೋ ಹೋಸು, ಇನ್‌ಟೇಕ್ ಗ್ಯಾಸ್ಕೆಟ್ಟು ಇವನ್ನ ಮೊದಲು ನೋಡ್ಸಿ. ಹತ್ತು ವರ್ಷದ ರಬ್ಬರ್ರು ಬಿರುಕು ಬಿಡದೆ ಇರುತ್ತಾ? ಒಂದು ಮಾತು, ಎಂಎಎಫ್ ಇಲ್ದೆ ಬರೀ ಎಂಎಪಿ ಸೆನ್ಸರ್ (ಇನ್‌ಟೇಕ್ ಒತ್ತಡ ಅಳೆಯೋದು) ಇರೋ ಕಾರಾದ್ರೆ ಈ ಟ್ರಿಮ್ ಲೆಕ್ಕ ಇಷ್ಟು ನೀಟಾಗಿ ಕಾಣಲ್ಲ, ಐಡ್ಲಿಂಗ್ ಆರ್‌ಪಿಎಂ ಏರಿ ಕೂತಿರುತ್ತೆ. ಆವಾಗ ಇನ್‌ಟೇಕಿಗೆ ಹೊಗೆ ತುಂಬಿಸೋ ಸ್ಮೋಕ್ ಟೆಸ್ಟ್ ಮಾಡ್ಸಿದ್ರೆ ಹೊಗೆ ಎಲ್ಲಿಂದ ಬರುತ್ತೆ ಅಂತ ಕಣ್ಣಿಗೇ ಕಾಣುತ್ತೆ.

ಇನ್ನೊಂದು, ಕೋಡ್ ಅಳಿಸೋಕೆ ಮುಂಚೆ ಫ್ರೀಜ್ ಫ್ರೇಮ್ ಫೋಟೋ ತೆಕ್ಕೊಳ್ಳಿ. ಲೈಟ್ ಬಂದ ಗಳಿಗೇಲಿ ಸ್ಪೀಡು, ಆರ್‌ಪಿಎಂ, ಟೆಂಪರೇಚರ್ ಏನಿತ್ತು ಅಂತ ಅದ್ರಲ್ಲಿರುತ್ತೆ, ಕೋಡ್ ಜೊತೆ ಅದೂ ಅಳಿಸಿ ಹೋಗುತ್ತೆ.

ಪ್ರ: ಕಡಿಮೆ ರೇಟಿನ ಬ್ಲೂಟೂತ್ ಸ್ಕ್ಯಾನರ್ ತಗೊಂಡಿದೀನಿ, ಯಾವಾಗ್ಲೂ ಹಾಕೇ ಇಡಬಹುದಾ?

ಉ: ಬೇಡ. ಸ್ಟೇರಿಂಗ್ ಕೆಳಗಿನ 16 ಪಿನ್ ಸಾಕೆಟ್ಟಲ್ಲಿ 16ನೇ ಪಿನ್ನಿಗೆ ಕೀ ತೆಗೆದ್ರೂ ಬ್ಯಾಟರಿ ಕರೆಂಟ್ ಇರುತ್ತೆ, ಸ್ಕ್ಯಾನರ್ ಅದನ್ನ ಎಳೀತಾನೇ ಇರುತ್ತೆ, ವಾರ ಹತ್ತು ದಿನ ಗಾಡಿ ನಿಲ್ಸಿ ಊರಿಗೆ ಹೋದ್ರೆ ಬಂದಾಗ ಸೆಲ್ಫ್ ಹೊಡೀದೇ ಇರಬಹುದು. ಮತ್ತೆ ಆ ಸ್ಕ್ಯಾನರ್ ಎಂಜಿನ್ ಕೋಡ್ ಓದುತ್ತೆ, ಎಬಿಎಸ್, ಏರ್‌ಬ್ಯಾಗ್ ಕೋಡು ಎಲ್ಲಾ ಸಾಮಾನ್ಯವಾಗಿ ಸಿಗಲ್ಲ. ಲೈಟ್ ಬರೀ ಉರೀತಿದ್ರೆ ನಿಧಾನಕ್ಕೆ ಗ್ಯಾರೇಜಿಗೆ ಹೋಗಿ, ಮಿಟುಕಿಸ್ತಿದ್ರೆ ಮಾತ್ರ ಸ್ಕ್ಯಾನರ್ ಹುಡುಕ್ತಾ ಕೂರದೆ ಗಾಡಿ ಸೈಡಿಗೆ ಹಾಕಿ, ಅದು ಜೋರು ಮಿಸ್‌ಫೈರು, ಸುಡದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಬಿಡುತ್ತೆ.

ಪ್ರ: ಸೆಕೆಂಡ್ ಹ್ಯಾಂಡ್ ಕಾರು ನೋಡ್ತಿದೀನಿ. ಸ್ಕ್ಯಾನ್ ಮಾಡಿದ್ರೆ ಒಂದೂ ಕೋಡಿಲ್ಲ. ತಗೊಳ್ಳಲಾ?

ಉ: ಸ್ಕ್ಯಾನರಲ್ಲೇ ರೆಡಿನೆಸ್ ಮಾನಿಟರ್ ನೋಡಿ, ಇಸಿಯು ತನ್ನ ಸ್ವಂತ ಪರೀಕ್ಷೆ ಮುಗಿಸಿದೆಯಾ ಅಂತ ಅದು ತೋರಿಸುತ್ತೆ. ಕ್ಯಾಟಲಿಸ್ಟು, ಆಕ್ಸಿಜನ್ ಸೆನ್ಸರು ಎಲ್ಲಾ ‘ನಾಟ್ ರೆಡಿ’ ಅಂತಿದ್ರೆ ಕೋಡ್ ಈಗಷ್ಟೇ ಅಳಿಸಿರಬಹುದು, ಇಲ್ಲಾ ಬ್ಯಾಟರಿ ತೆಗೆದಿರಬಹುದು. ಒಂದೆರಡು ದಿನ ಓಡಿಸಿ ಕೊಡಿ, ಮತ್ತೆ ಸ್ಕ್ಯಾನ್ ಮಾಡ್ತೀನಿ ಅನ್ನಿ. ಮಾರೋರು ಮುಖ ಸಿಂಡರಿಸಿದ್ರೆ ಅಡ್ವಾನ್ಸ್ ಕೊಡ್ಬೇಡಿ.