ಪ್ರಿಸ್ಕೂಲಿಗೆ ಕಳಿಸುವುದರಿಂದ ಮಗುವಿಗೆ ನಿಜವಾಗಿ ಏನು ಲಾಭ?

ಮೂರು ವರ್ಷದ ಮಗುವನ್ನು ಪ್ರಿಸ್ಕೂಲಿಗೆ ಕಳಿಸಲೇಬೇಕಾ, ಮನೆಯಲ್ಲೇ ಅಕ್ಷರ ಕಲಿಸಿದರೆ ಸಾಲದಾ ಎಂದು ಕೇಳಿದ್ದೀರಿ. ಬರೀ ಅಕ್ಷರಕ್ಕಾದರೆ ಮನೆಯೇ ಸಾಕು. ದೊಡ್ಡ ಲಾಭ ಇರುವುದು ಬೇರೆ ಕಡೆ.

ಮನೆಯಲ್ಲಿ ಮಗು ಅರ್ಧ ಮಾತಾಡಿದರೂ ದೊಡ್ಡವರಿಗೆ ಅರ್ಥವಾಗುತ್ತದೆ. ಓರಗೆಯ ಮಕ್ಕಳ ಜೊತೆ ಹಾಗಲ್ಲ. ಆಟಿಕೆ ಬೇಕಿದ್ದರೆ ಬಾಯಿಬಿಟ್ಟು ಕೇಳಬೇಕು, ಸರದಿ ಕಾಯಬೇಕು, ಸಿಗದಿದ್ದರೆ ಸಿಟ್ಟು ತಡೆದುಕೊಳ್ಳಬೇಕು. ಹೀಗೆ ಮಾತೂ ಬೆಳೆಯುತ್ತದೆ, ತಾಳ್ಮೆಯೂ ಬರುತ್ತದೆ. ಮೂರರಿಂದ ಐದು ವರ್ಷದ ನಡುವೆ ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವ ಶಕ್ತಿ ಬಹಳ ಬೇಗ ಬೆಳೆಯುತ್ತದೆ.

1962ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಪೆರಿ ಪ್ರಿಸ್ಕೂಲ್ ಅಧ್ಯಯನ ಶುರುವಾಯಿತು. ಬಡ ಕುಟುಂಬಗಳ 123 ಮಕ್ಕಳಲ್ಲಿ ಕೆಲವರಿಗೆ ಪ್ರಿಸ್ಕೂಲ್ ಸಿಕ್ಕಿತು, ಉಳಿದವರಿಗೆ ಇಲ್ಲ. ಐಕ್ಯೂನಲ್ಲಿ, ಅಂದರೆ ಬುದ್ಧಿಮತ್ತೆ ಪರೀಕ್ಷೆಯ ಅಂಕದಲ್ಲಿ, ಕಂಡ ಏರಿಕೆ ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಆದರೆ 40ನೇ ವಯಸ್ಸಿನಲ್ಲಿ ನೋಡಿದಾಗ, ಪ್ರಿಸ್ಕೂಲಿಗೆ ಹೋದವರಲ್ಲಿ ಹೈಸ್ಕೂಲ್ ಮುಗಿಸಿದವರು ಜಾಸ್ತಿ ಇದ್ದರು. ಸಂಪಾದನೆಯೂ ಜಾಸ್ತಿ, ಅಪರಾಧಕ್ಕೆ ಸಿಕ್ಕಿಬಿದ್ದವರು ಕಡಿಮೆ. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ: ಉಳಿದದ್ದು ಅಂಕವಲ್ಲ, ಸ್ವಭಾವ. ಅಲ್ಲಿನ ಶಿಕ್ಷಕರು ವಾರಕ್ಕೊಮ್ಮೆ ಮಕ್ಕಳ ಮನೆಗೂ ಹೋಗುತ್ತಿದ್ದರು.

ಎಲ್ಲ ಪ್ರಿಸ್ಕೂಲೂ ಹೀಗಲ್ಲ. ಅಮೆರಿಕದ್ದೇ ಆದ ಟೆನೆಸ್ಸಿ ರಾಜ್ಯದ ಸರ್ಕಾರಿ ಪ್ರಿಸ್ಕೂಲಿಗೆ ಹೋದ ಮಕ್ಕಳು ಆರನೇ ತರಗತಿಯಲ್ಲಿ ಉಳಿದವರಿಗಿಂತ ಹಿಂದೆ ಬಿದ್ದಿದ್ದರು ಎಂದು 2022ರ ವರದಿ ಹೇಳಿತು. ಹಾಗಾಗಿ ಸೇರಿಸುವ ಮೊದಲು ಒಂದು ಬೆಳಿಗ್ಗೆ ಹೋಗಿ ಸುಮ್ನೆ ಕೂತು ನೋಡಿ. ಶಿಕ್ಷಕಿ ಮಕ್ಕಳ ಮಾತಿಗೆ ಕಿವಿಗೊಡುತ್ತಾರಾ? ಆಟಕ್ಕೆ ಸಾಕಷ್ಟು ಸಮಯ ಇದೆಯಾ? ದಿನವಿಡೀ ಬರೆಸುತ್ತಾ ಕೂರಿಸುವ ಕಡೆ ದಯವಿಟ್ಟು ಸೇರಿಸಬೇಡಿ.